ಮೊಂಡು ಚೈನು ಹಿಡಿದು ಮರ ಕುಯ್ಯುವವರಿಗೆ ಮಸೆಯುವುದನ್ನೂ ಕಲಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಆರಿದ್ರಾ ಮಳೆಯ ಗಾಳಿಗೆ ರಸ್ತೆಗೆ ಉರುಳಿದ ಮರವನ್ನು ಊರವರೇ ಸೇರಿ ತೆರವು ಮಾಡುತ್ತಿದ್ದ ಚಿತ್ರ ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿತ್ತು. ಯಾರೂ ಹೇಳದೆ, ಯಾರಿಗೂ ಕಾಯದೆ, ಕತ್ತಲಾಗುವ ಮೊದಲು ಬಸ್ಸು ದಾಟುವ ಹಾಗೆ ಮಾಡಿದ ಆ ಹುಡುಗರ ಬಗ್ಗೆ ನನಗೆ ಅಭಿಮಾನವಿದೆ. ಆದರೆ ಆ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡಿದೆ. ಮರ ಕುಯ್ಯುವ ಚೈನಿನ ಮಿಷನ್ನಿನ (ಚೈನ್‌ಸಾ) ಕೆಳಗೆ ಒದ್ದೆ ಟಾರಿನ ಮೇಲೆ ಚಕ್ಕೆ ಬಿದ್ದಿರಲಿಲ್ಲ, ಜರಡಿ ಹಿಡಿದ ಹಿಟ್ಟಿನಂಥ ಹುಡಿ ಬಿದ್ದಿತ್ತು. ಬಾರಿನ, ಅಂದರೆ ಚೈನು ಸುತ್ತುವ ಉದ್ದನೆಯ ಕಬ್ಬಿಣದ ಪಟ್ಟಿಯ, ಪಕ್ಕದಲ್ಲಿ ತೆಳ್ಳಗೆ ಹೊಗೆ. ಹಿಡಿದವನು ಸೊಂಟ ಬಗ್ಗಿಸಿ ಮೈಭಾರವನ್ನೆಲ್ಲ ಮಿಷನ್ನಿನ ಮೇಲೆ ಬಿಟ್ಟಿದ್ದ. ಎತ್ತಿ ಕಟ್ಟಿದ ಪಂಚೆ, ಕಾಲಲ್ಲಿ ಹವಾಯಿ ಚಪ್ಪಲಿ. ಆ ಚೈನಿನಲ್ಲಿ ಹರಿತ ಅನ್ನುವುದು ಉಳಿದಿರಲಿಲ್ಲ. ಆ ಹುಡುಗ ಅವತ್ತು ಕ್ಷೇಮವಾಗಿ ಮನೆ ಸೇರಿದನೋ ಇಲ್ಲವೋ ಎಂಬ ಚಿಂತೆ ನನಗೆ ಈಗಲೂ ಇದೆ.

ನಾನು ಕೊಪ್ಪ ತಾಲ್ಲೂಕಿನಲ್ಲಿ ಮರ ಕುಯ್ಯುವ ಮಿಷನ್, ಕಳೆ ಹೊಡೆಯುವ ಮಿಷನ್, ಔಷಧಿ ಪಂಪು ಇವುಗಳ ರಿಪೇರಿ ಮಾಡುವವನು. ಈ ಕೆಲಸಕ್ಕೆ ಕೂತು 23 ವರ್ಷವಾಯಿತು. ನಮ್ಮಪ್ಪ ಕೈಗರಗಸದವರು. ಅಟ್ಟಣೆಯ ಮೇಲೆ ಒಬ್ಬರು, ಕೆಳಗೆ ಒಬ್ಬರು ನಿಂತು ದಿಮ್ಮಿಯನ್ನು ಹಲಗೆ ಸೀಳುತ್ತಿದ್ದ ಕಾಲ. ಬೆಳಿಗ್ಗೆ ಗಂಜಿ ಉಂಡು ಮೊದಲ ಅರ್ಧ ಗಂಟೆ ಅವರು ಮರ ಮುಟ್ಟುತ್ತಿರಲಿಲ್ಲ. ಗರಗಸವನ್ನು ಎರಡು ಗೂಟದ ನಡುವೆ ಸಿಕ್ಕಿಸಿ, ಒಂದೊಂದೇ ಹಲ್ಲಿಗೆ ಅರ ಹಾಕುತ್ತಿದ್ದರು. ಹಲ್ಲು ಮಸೆಯಲು ಬಾರದವನಿಗೆ ಗರಗಸದ ಹಿಡಿ ಕೊಡುತ್ತಲೇ ಇರಲಿಲ್ಲ. ಈಗ ಮಿಷನ್ ಬಂದಿದೆ, ಯಾರು ದುಡ್ಡು ಕೊಟ್ಟರೂ ಅಂಗಡಿಯವರು ಕೊಡುತ್ತಾರೆ. ಆನ್‌ಲೈನಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಪೆಟ್ಟಿಗೆಯೊಳಗೆ ಕೆಲವೊಮ್ಮೆ ಒಂದು ಅರವೂ ಇರುತ್ತದೆ. ಅದು ಯಾವುದಕ್ಕೆ ಅಂತ ಗೊತ್ತಿಲ್ಲದೆ ಟೂಲ್ ಬಾಕ್ಸಿನಲ್ಲಿ ತುಕ್ಕು ಹಿಡಿದು ಕೂತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನಮ್ಮ ಕಡೆ ಒಂದು ತಪ್ಪು ನಂಬಿಕೆ ಬೇರೂರಿಬಿಟ್ಟಿದೆ. "ಹೊಸ ಚೈನು ಹೆದರಿಕೆ ಮಾರಾಯ್ರೆ, ಸ್ವಲ್ಪ ಹಳತಾದದ್ದೇ ಕೈಗೆ ಒಗ್ಗುತ್ತೆ" ಅಂತ ಒಳ್ಳೊಳ್ಳೆಯ ಕೆಲಸಗಾರರೇ ಹೇಳುತ್ತಾರೆ. ಹಲ್ಲು ಚೂಪಾಗಿದ್ದರೆ ಚೈನು ತಾನಾಗಿಯೇ ಮರದೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಮಿಷನ್ನಿನ ತೂಕವೇ ಸಾಕು, ನಾವು ದಾರಿ ತೋರಿಸಿದರಾಯಿತು. ಮೊಂಡಾದರೆ ಒತ್ತಬೇಕು. ಒತ್ತಿ ಒತ್ತಿ ತೋಳು ಸೋಲುತ್ತದೆ, ಕೆಸರಿನಲ್ಲಿ ಕಾಲು ಜಾರುತ್ತದೆ. ಕುಯ್ದು ಮುಗಿಯುವ ಗಳಿಗೆಯಲ್ಲಿ ಕೆಳಗೆ ತಡೆಯೇ ಇಲ್ಲದೆ, ಒತ್ತಿದ ಭಾರಕ್ಕೆ ಮಿಷನ್ ಸೀದಾ ಮೊಣಕಾಲಿಗೆ ಬರುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮರಕ್ಕೆ ಮೊಂಡಾದ ಆ ಹಲ್ಲು ಮಾಂಸಕ್ಕೆ ಮೊಂಡಲ್ಲ. ನಾನು ಕಣ್ಣಾರೆ ಕಂಡ ಗಾಯಗಳಲ್ಲಿ ಹೆಚ್ಚಿನವು ಎಡಗಾಲಿನವು, ಆ ಕಾಲಿನ ಗಾಯಗಳೆಲ್ಲ ಹೀಗೆಯೇ ಆದವು.

ಹಲ್ಲು ಯಾಕೆ ಈ ಆಕಾರದಲ್ಲಿದೆ ಅಂತ ಕೇಳುವ ಹುಡುಗರಿಗೆ ನಾನು ಒಂದು ಸಂಗತಿ ಹೇಳುತ್ತೇನೆ. ಮೊದಮೊದಲ ಚೈನುಗಳ ಹಲ್ಲು ಕೈಗರಗಸದ ಹಲ್ಲಿನ ಹಾಗೆಯೇ ಇತ್ತು, ಮರವನ್ನು ಕೆರೆಯುತ್ತಿತ್ತು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವರು ಒಂದು ಬೊಡ್ಡೆಯೊಳಗೆ ಕೊರಕ ಹುಳುವಿನ ಮರಿಯನ್ನು ಕಂಡರು. ನಮ್ಮ ಅರೇಬಿಕಾ ಗಿಡವನ್ನು ಒಳಗಿಂದ ತಿನ್ನುವ ಬಿಳಿ ಕಾಂಡಕೊರಕದ ಥರದ್ದೇ ಒಂದು ಜಾತಿ. ಅದು ಕೊಕ್ಕೆಯಂಥ ಎರಡು ದವಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿನ್ನುತ್ತ, ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ನೋಡಿ ಅವರು ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿದ ಚೈನು ಮಾಡಿದರು. ಇವತ್ತು ನಮ್ಮ ತೋಟಗಳಲ್ಲಿ ಓಡುತ್ತಿರುವ ಚೈನುಗಳಿಗೆಲ್ಲ ಮೂಲ ಅದು. 18 ಇಂಚು ಬಾರಿನ ಸಾಮಾನ್ಯ ಚೈನೊಂದರಲ್ಲಿ 36 ಹಲ್ಲಿದ್ದರೆ 18 ಎಡದವು, 18 ಬಲದವು. ಹುಳುವಿನ ಒಂದು ದವಡೆ ಸವೆದರೆ ಅದು ನೆಟ್ಟಗೆ ಸಾಗೀತೇ ಅಂತ ಕೇಳಿದರೆ ಹುಡುಗರಿಗೆ ಥಟ್ಟನೆ ತಿಳಿಯುತ್ತದೆ.

ಈ ವರ್ಷ ಮೇ ತಿಂಗಳಲ್ಲಿ ಪಕ್ಕದ ಊರಿನ ಒಬ್ಬ ಹುಡುಗ ಮಿಷನ್ ಹೊತ್ತು ಬಂದ. "ಮಾವ, ಇಂಜಿನ್ ಪವರ್ ಹೋಗಿದೆ, ಕಾರ್ಬೊರೇಟರ್ ಬಿಚ್ಚಬೇಕು ಕಾಣುತ್ತೆ" ಅಂದ. ಇಂಜಿನ್ ಚೆನ್ನಾಗಿಯೇ ಇತ್ತು. ಅಂಗಡಿಯ ಮುಂದಿದ್ದ ಹಲಸಿನ ಕೊರಡಿಗೆ ಇಟ್ಟು ನೋಡಿದೆ. ನಾಲ್ಕು ಇಂಚು ಇಳಿಯುವಷ್ಟರಲ್ಲಿ ಕೊಯ್ತ ಬಲಕ್ಕೆ ವಾಲಿ, ಬಾರು ಸಿಕ್ಕಿಕೊಂಡಿತು. ಇಳಿಸಿ ಹಲ್ಲು ನೋಡಿದರೆ ಒಂದು ಕಡೆಯ ಹಲ್ಲುಗಳು ಇನ್ನೊಂದು ಕಡೆಯವಕ್ಕಿಂತ ಉದ್ದ, ಕಣ್ಣಿಗೆ ಕಾಣುವಷ್ಟು. ಅವನು ಬಲಗೈಯವನು. ಕೈಗೆ ಸಲೀಸಾದ ಕಡೆ ಬಲವಾಗಿ ಹತ್ತು ಸಲ ಅರ ಹಾಕಿದ್ದಾನೆ, ಆ ಹಲ್ಲುಗಳು ಗಿಡ್ಡವಾಗಿವೆ. ಕಷ್ಟವಾದ ಕಡೆ ನಾಲ್ಕೇ ಸಲ ಹಾಕಿ ಬಿಟ್ಟಿದ್ದಾನೆ. ಮೂರು ತಿಂಗಳಿಂದ ಈ ಚೈನಿನಲ್ಲೇ ಸಿಲ್ವರ್ ಓಕ್ ಕಡಿಯುತ್ತಿದ್ದನಂತೆ. ಸೊಂಟ ನೋವು ಅಂತ ಆಸ್ಪತ್ರೆಗೂ ಹೋಗಿ ಬಂದಿದ್ದ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಸೆಯುವುದನ್ನು ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ, ನಾಲ್ಕು ಜನಕ್ಕೆ ಉಪಯೋಗವಾಗಲಿ. ಮೊದಲು ಇಂಜಿನ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪು ಕಿತ್ತಿಡಬೇಕು. ವೈಸ್ ಇಲ್ಲದಿದ್ದರೆ ಯಾವುದಾದರೂ ಬೊಡ್ಡೆಯಲ್ಲಿ ಎರಡು ಇಂಚು ಕುಯ್ದು, ಬಾರಿನ ಕೆಳ ಅಂಚನ್ನು ಆ ಸೀಳಿನಲ್ಲಿ ಕೂರಿಸಿದರೆ ಮಿಷನ್ ಅಲ್ಲಾಡುವುದಿಲ್ಲ. ಚೈನ್ ಬ್ರೇಕ್ ಹಾಕಬೇಕು, ಹಲ್ಲು ಮುಂದಕ್ಕೆ ತರುವಾಗ ಮಾತ್ರ ಬಿಡಬೇಕು. ಎಲ್ಲಕ್ಕಿಂತ ಗಿಡ್ಡ ಹಲ್ಲು ಯಾವುದು ಅಂತ ಹುಡುಕಿ, ಅದಕ್ಕೆ ನೇಲ್ ಪಾಲಿಶಿನ ಒಂದು ಚುಕ್ಕೆ ಇಡಿ. ಉಳಿದ ಹಲ್ಲುಗಳೆಲ್ಲ ಅದರ ಉದ್ದಕ್ಕೇ ಬರಬೇಕು. ಚೈನಿಗೆ ತಕ್ಕ ದಪ್ಪದ ಗುಂಡು ಅರವೇ ಬೇಕು. ಪಿಚ್ಚು ಅಂದರೆ ಚೈನಿನ ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ. .325 ಪಿಚ್ಚಿನ ಚೈನಿಗೆ 4.8 ಮಿಲಿಮೀಟರಿನದು, 3/8ರ ಸಣ್ಣ ಚೈನಿಗೆ 4 ಮಿಲಿಮೀಟರಿನದು, 3/8ರ ದೊಡ್ಡ ಚೈನಿಗೆ ಕಂಪನಿ ನೋಡಿಕೊಂಡು 5.2 ಅಥವಾ 5.5 ಮಿಲಿಮೀಟರಿನದು. ಅರ ಹಲ್ಲಿನ ಕೊಕ್ಕೆಯೊಳಗೆ ಕೂತಾಗ ಅದರ ಐದರಲ್ಲೊಂದು ಪಾಲು ಮಾತ್ರ ಹಲ್ಲಿನ ನೆತ್ತಿಗಿಂತ ಮೇಲೆ ಕಾಣಬೇಕು. ಹೆಚ್ಚಿನ ಚೈನುಗಳಿಗೆ 30 ಡಿಗ್ರಿ ಓರೆ. ಹಲ್ಲಿನ ನೆತ್ತಿಯ ಮೇಲೇ ಗೆರೆಯೊಂದು ಕೊರೆದಿದ್ದರೆ ಅದಕ್ಕೆ ಸಮವಾಗಿ ಹಿಡಿದರಾಯಿತು. ಒಳಗಿನಿಂದ ಹೊರಕ್ಕೆ ದೂಡಿ, ಹಿಂದಕ್ಕೆ ತರುವಾಗ ಎತ್ತಿ ತನ್ನಿ. ಹಿಂದೆ ಮುಂದೆ ಗಸಗಸ ಉಜ್ಜಿದರೆ ಅರವೂ ಹಾಳು, ಹಲ್ಲೂ ಹಾಳು. ಪ್ರತಿ ಹಲ್ಲಿಗೆ ಮೂರಾದರೆ ಮೂರು, ಐದಾದರೆ ಐದು, ಲೆಕ್ಕ ತಪ್ಪಬಾರದು. ಒಂದು ಕಡೆಯವೆಲ್ಲ ಮುಗಿದ ಮೇಲೆ ಎದ್ದು ಮಿಷನ್ನಿನ ಆಚೆ ಕಡೆಗೆ ಬಂದು ಕೂತು ಇನ್ನೊಂದು ಕಡೆಯವು.

ಹುಡುಗನಿಗೆ ಮೊದಲ ಐದಾರು ಹಲ್ಲಿಗೆ ಕೈ ನಡುಗಿತು. ಆಮೇಲೆ ಸದ್ದು ಹಿಡಿತಕ್ಕೆ ಬಂತು. ಅರ ಸರಿಯಾಗಿ ಕಚ್ಚಿದಾಗ ಸರ್ರ್ ಅಂತ ಒಂದೇ ಸ್ವರ ಬರುತ್ತದೆ, ಜಾರಿದಾಗ ಕೀರಲು. ಮುಗಿದ ಮೇಲೆ ಅದೇ ಹಲಸಿನ ಕೊರಡಿಗೆ ಇಟ್ಟ. ಹೊಳೆಯುವ ಹಳದಿ ಚಕ್ಕೆ ಅವನ ಕಾಲ ಬಳಿ ಸುರಿಯತೊಡಗಿತು. ಎರಡು ಕೈಯಲ್ಲಿ ಸುಮ್ಮನೆ ಹಿಡಿದಿದ್ದ, ಒತ್ತಿರಲಿಲ್ಲ. ಮಿಷನ್ ಆಫ್ ಮಾಡಿ ಒಂದು ಗಳಿಗೆ ಹಾಗೇ ನಿಂತುಬಿಟ್ಟ. ಎರಡು ವರ್ಷದಿಂದ ಮರ ಕಡಿದು ದುಡಿದ ಹುಡುಗನಿಗೆ ಇದು ಯಾರೂ ಹೇಳಿಕೊಟ್ಟಿರಲಿಲ್ಲ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು ಇದೆ. ಡೆಪ್ತ್ ಗೇಜ್ ಅಂತಾರೆ, ಕೆಲವರು ರೇಕರ್ ಅಂತಾರೆ. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕು ಅನ್ನುವುದನ್ನು ನಿಗದಿ ಮಾಡುವುದು ಅದೇ. ಹಲ್ಲಿನ ಮೊನೆಗಿಂತ ಅದು ಸಾಮಾನ್ಯವಾಗಿ 0.65 ಮಿಲಿಮೀಟರ್ ಕೆಳಗಿರಬೇಕು, ಅಂದರೆ ಒಂದು ಹ್ಯಾಕ್‌ಸಾ ಬ್ಲೇಡಿನ ದಪ್ಪದಷ್ಟು. ಹಲ್ಲು ಮಸೆದಂತೆಲ್ಲ ತಗ್ಗುತ್ತ ಬರುವುದರಿಂದ ಈ ಗುಬುಟನ್ನೂ ಆಗೀಗ ಚಪ್ಪಟೆ ಅರದಿಂದ, ಗೇಜು ಪಟ್ಟಿ ಇಟ್ಟು, ಒಂದು ಕೂದಲಿನಷ್ಟು ಇಳಿಸಬೇಕು. ಇಳಿಸದೇ ಇದ್ದರೆ ಎಷ್ಟು ಚೂಪಿದ್ದರೂ ಹುಡಿಯೇ ಬರುತ್ತದೆ. ಜಾಸ್ತಿ ಇಳಿಸಿದರೆ ಅಪಾಯ.

ಆ ಅಪಾಯ ನಮ್ಮ ಮನೆಗೇ ಬಂದದ್ದು. ನನ್ನ ಭಾವ ಕಾಫಿ ತೋಟದ ನೆರಳು ಬಿಡಿಸುವ ಕೆಲಸದವರು. ಒಮ್ಮೆ ನಾನು ಊರಲ್ಲಿಲ್ಲದಾಗ ಪೇಟೆಯ ಒಂದು ಅಂಗಡಿಯಲ್ಲಿ ಚೈನು ಮಸೆಸಿದರು. ಅಲ್ಲಿಯವರು ಗ್ರೈಂಡರಿಗೆ ಹಿಡಿದು ಹಲ್ಲಿನ ಜೊತೆ ಆ ಗುಬುಟುಗಳನ್ನೂ ಬುಡದವರೆಗೆ ಇಳಿಸಿಬಿಟ್ಟಿದ್ದರು. "ಈಗ ಬೆಣ್ಣೆ ಕುಯ್ದ ಹಾಗೆ ಕುಯ್ಯುತ್ತೆ" ಅಂತ ಹೇಳಿ ಕಳಿಸಿದರಂತೆ. ಮರುದಿನ ಏಣಿಯ ಮೇಲೆ ನಿಂತು, ಹೆಗಲಿಗಿಂತ ಎತ್ತರದಲ್ಲಿ ಒಂದು ಕೊಂಬೆ ಕುಯ್ಯುವಾಗ ಬಾರಿನ ಮೂತಿ ಎಲೆಮರೆಯ ಇನ್ನೊಂದು ಕೊಂಬೆಗೆ ತಾಗಿತು. ಬಾರಿನ ಮೂತಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಾಗಿದರೆ, ಅಲ್ಲಿ ಹಲ್ಲು ಕಚ್ಚಿ ನಿಂತು, ಇಡೀ ಮಿಷನ್ ಹಿಡಿದವನ ಮುಖದ ಕಡೆಗೆ ಒದೆಯುತ್ತದೆ. ರೆಪ್ಪೆ ಬಡಿಯುವುದಕ್ಕೂ ಸಮಯ ಇರುವುದಿಲ್ಲ. ಗುಬುಟು ತಗ್ಗಿದ ಹಲ್ಲು ಅತಿಯಾಗಿ ಕಚ್ಚುತ್ತದೆ, ಆದ್ದರಿಂದ ಒದೆತವೂ ಜೋರು. ಭಾವನಿಗೆ ಕಿವಿಯ ಕೆಳಗಿನಿಂದ ಎಡ ಹೆಗಲಿನವರೆಗೆ ಸೀಳಿತು. ಜೀವ ಉಳಿಯಿತು. ಇವತ್ತಿಗೂ ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಲಾಗುವುದಿಲ್ಲ, ಅಂಗಿ ತೊಡಿಸುವುದು ನನ್ನ ಅಕ್ಕ. ಮುಂದಿನ ಹಿಡಿಯ ಎದುರಿಗಿರುವ ಆ ಪ್ಲಾಸ್ಟಿಕ್ ಕವಚ, ಚೈನ್ ಬ್ರೇಕಿನದು, ಅಡ್ಡಬರುತ್ತದೆ ಅಂತ ಬಿಚ್ಚಿಟ್ಟಿದ್ದರು. ಅದನ್ನು ಬಿಚ್ಚಿದ ಮಿಷನ್ ನನ್ನ ಅಂಗಡಿಗೆ ಬಂದರೆ ನಾನು ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು ಅದನ್ನು ಹಾಕಿಸುತ್ತೇನೆ. ಒಪ್ಪದವರನ್ನು ವಾಪಸ್ ಕಳಿಸಿದ್ದೂ ಉಂಟು. ಮುಂದಿನ ಹಿಡಿಯನ್ನು ಎಡಗೈಯ ಹೆಬ್ಬೆರಳು ಪೂರ್ತಿ ಸುತ್ತಿ ಹಿಡಿದಿರಬೇಕು, ಹೆಗಲಿಗಿಂತ ಮೇಲೆ ಮಿಷನ್ ಎತ್ತಲೇಬಾರದು. ಇದನ್ನು ನಾನು ಭಾವನ ಹೆಸರಿನಲ್ಲಿ ಎಲ್ಲರ ಬಳಿಯೂ ಬೇಡುತ್ತೇನೆ.

ನಿಂತ ಚೈನು ಏನೂ ಮಾಡುವುದಿಲ್ಲ ಅಂತ ತಿಳಿದವರೂ ಇದ್ದಾರೆ. ನನ್ನ ಎಡಗೈ ತೋರುಬೆರಳಿನಲ್ಲಿ ಆರು ಹೊಲಿಗೆಯ ಗುರುತಿದೆ. ಇಂಜಿನ್ ಬಂದ್ ಆಗಿತ್ತು. ಮುಂದಿನ ಹಲ್ಲು ಮೇಲಕ್ಕೆ ತರಲು ಬರಿಗೈಯಲ್ಲಿ ಚೈನು ಎಳೆದೆ, ಗ್ರೀಸಿಗೆ ಕೈ ಜಾರಿತು, ಆಗಷ್ಟೇ ನಾನೇ ಮಸೆದ ಹಲ್ಲು ಮೂಳೆಯವರೆಗೆ ಇಳಿಯಿತು. ಅವತ್ತಿನಿಂದ ತೊಗಲಿನ ಗ್ಲೌಸ್ ಇಲ್ಲದೆ ಚೈನು ಮುಟ್ಟುವುದಿಲ್ಲ. ಹಿಡಿ ಇಲ್ಲದ ಅರವನ್ನೂ ಹಿಡಿಯುವುದಿಲ್ಲ, ಅದರ ಹಿಂದಿನ ಚೂಪು ಬಾಲ ಅಂಗೈಗೆ ಹೊಕ್ಕವರನ್ನು ನೋಡಿದ್ದೇನೆ. ಮಾವಿನ ಕೊಂಬೆಯ ತುಂಡೊಂದಕ್ಕೆ ತೂತು ಕೊರೆದು ಸಿಕ್ಕಿಸಿಕೊಂಡರೂ ಸಾಕು. ಬಾರಿಗೆ ಕವರ್ ಹಾಕದೆ ಜೀಪಿನ ಹಿಂದೆ, ಮಕ್ಕಳು ಕೂರುವ ಜಾಗದಲ್ಲಿ ಮಿಷನ್ ಎಸೆದು ಹೋಗುವುದನ್ನು ದಯವಿಟ್ಟು ನಿಲ್ಲಿಸಿ.

ಚೈನಿನ ಬಿಗಿ ನೋಡುವುದು ಎರಡು ನಿಮಿಷದ ಕೆಲಸ. ಬಾರಿನ ನಟ್ಟು ಸಡಿಲಿಸಿ, ಮೂತಿಯನ್ನು ಮೇಲಕ್ಕೆತ್ತಿ ಹಿಡಿದು ಸ್ಕ್ರೂ ತಿರುಗಿಸಿ, ಹಾಗೆ ಎತ್ತಿ ಹಿಡಿದಂತೆಯೇ ನಟ್ಟು ಬಿಗಿಯಬೇಕು. ಚೈನು ಬಾರಿನ ಹೊಟ್ಟೆಗೆ ಜೋತು ಬೀಳಬಾರದು. ಗ್ಲೌಸ್ ಹಾಕಿದ ಕೈಯಲ್ಲಿ ಎಳೆದರೆ ಸಲೀಸಾಗಿ ಸುತ್ತಬೇಕು. ಸಡಿಲವಿದ್ದರೆ ಓಡುವಾಗ ಕಳಚಿ ಕೈಯ ಕಡೆಗೆ ಬೀಸುತ್ತದೆ. ಬಿಸಿ ಇದ್ದಾಗ ಚೈನು ಉದ್ದವಾಗುತ್ತದೆ, ಆಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿಯೇ ಇಡಿ. ತಣ್ಣಗಾದಾಗ ಅದು ಕುಗ್ಗಿ ಒಳಗಿನ ಬೇರಿಂಗನ್ನು ತಿನ್ನುತ್ತದೆ. ಬಾರನ್ನು ಚೈನು ಮಸೆದಾಗಲೆಲ್ಲ ತಲೆಕೆಳಗು ಮಾಡಿ ಹಾಕಿದರೆ ಎರಡು ಅಂಚೂ ಸಮನಾಗಿ ಸವೆಯುತ್ತವೆ. ಬಾರಿನ ಅಂಚಿನ ಸಂದಿಯಲ್ಲಿ ತುಂಬಿದ ಹುಡಿಯನ್ನು ತೆಳ್ಳಗಿನ ತಗಡಿನ ಚೂರಿನಿಂದ ಕೆರೆದು, ಎಣ್ಣೆ ಬರುವ ತೂತನ್ನು ಬಿಡಿಸಿ. ಅಡಿಕೆ, ತೆಂಗು, ಬೈನೆ ಕುಯ್ದ ದಿನವಂತೂ ಇದನ್ನು ಮಾಡಲೇಬೇಕು. ಆ ನಾರು ಚೈನು ತಿರುಗಿಸುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸುತ್ತಿಕೊಂಡು ಎಣ್ಣೆಯನ್ನೇ ತಡೆಯುತ್ತದೆ. ರೇಸ್ ಬಿಟ್ಟಾಗ ಚೈನು ನಿಲ್ಲಬೇಕು. ಸುಮ್ಮನೆ ಗುಡುಗುಡು ಅನ್ನುವಾಗಲೂ ತಿರುಗುತ್ತಿದ್ದರೆ ಆ ಮಿಷನ್ನಿನಲ್ಲಿ ಮರ ಕುಯ್ಯಬೇಡಿ, ಐಡ್ಲಿಂಗ್ ಸ್ಕ್ರೂವನ್ನೂ ಕ್ಲಚ್ಚಿನ ಸ್ಪ್ರಿಂಗನ್ನೂ ತೋರಿಸಿ.

ಎಣ್ಣೆಯ ಬಗ್ಗೆ ನನಗೆ ಬಹಳ ನೋವಿದೆ. ಗ್ಯಾರೇಜಿನಲ್ಲಿ ಬಿಚ್ಚಿದ ಕರೀ ಎಂಜಿನ್ ಆಯಿಲನ್ನು ಚೈನಿಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ, ಪುಕ್ಕಟೆ ಸಿಗುತ್ತದೆ ಅಂತ. ಅದರಲ್ಲಿ ಸವೆದ ಲೋಹದ ಪುಡಿ ಇದೆ, ಅದು ಬಾರನ್ನೂ ಪಂಪನ್ನೂ ಕೊರೆಯುತ್ತದೆ. ಚೈನಿಗೆ ಹಾಕಿದ ಎಣ್ಣೆ ಮಿಷನ್ನಿಗೆ ಮರಳಿ ಬರುವುದಿಲ್ಲ, ಅಷ್ಟೂ ಎರಚಿ ಹೋಗುತ್ತದೆ. ತೋಟದ ಮಣ್ಣಿಗೆ, ಹಳ್ಳದ ನೀರಿಗೆ, ಕುಯ್ಯುವವನ ಕೈ ಮತ್ತು ಉಸಿರಿಗೆ. ಅದೇ ಹಳ್ಳ ಕೆಳಗೆ ಯಾರದೋ ಮನೆಯ ಕುಡಿಯುವ ನೀರು. ಅಂಟು ಗುಣವಿರುವ ಚೈನ್ ಆಯಿಲ್ ಬೇರೆಯೇ ಸಿಗುತ್ತದೆ, ಅದನ್ನೇ ಹಾಕಿ. ಎಣ್ಣೆ ಬರುತ್ತಿದೆಯೇ ಅಂತ ನೋಡಲು, ಮೂತಿಯನ್ನು ಒಂದು ಬಿಳಿ ರಟ್ಟಿನ ಕಡೆಗೆ, ತಾಗದ ಹಾಗೆ ಹಿಡಿದು ರೇಸ್ ಕೊಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು.

ಹಲ್ಲು ಬೇಗ ಮೊಂಡಾಗುವುದು ಮರದಿಂದಲ್ಲ, ಮಣ್ಣಿನಿಂದ. ನೆಲಕ್ಕೆ ಒಂದು ಕ್ಷಣ ತಾಗಿದರೆ ಸಾಕು, ಅವತ್ತಿನ ಮಸೆತ ಹೋಯಿತು. ಎಳೆದು ತಂದ ದಿಮ್ಮಿಯ ಕೆಸರನ್ನು ಕತ್ತಿಯಿಂದ ಕೆರೆದು ಕುಯ್ಯಿರಿ. ಬೇಲಿ ಸಾಲಿನ ಮರವಾದರೆ ತೊಗಟೆಯೊಳಗೆ ಮುಳುಗಿದ ಹಳೇ ಮುಳ್ಳುತಂತಿ, ಮೊಳೆ ಇದ್ದೇ ಇರುತ್ತದೆ ಅಂತ ತಿಳಿದೇ ಕೈ ಹಾಕಿ. ಪ್ರತಿ ಸಲ ಪೆಟ್ರೋಲ್ ತುಂಬುವಾಗ, ಮಿಷನ್ ತಣಿಯುವ ಹೊತ್ತಿನಲ್ಲಿ ಹಲ್ಲಿಗೆ ಎರಡು ಎರಡು ಸಲ ಅರ ಹಾಕಿದರೆ ಹತ್ತು ನಿಮಿಷ ಹಿಡಿಯುವುದಿಲ್ಲ. ಪಂಚೆ, ಹೆಗಲ ಮೇಲಿನ ಟವೆಲು ಬೇಡ. ಬೂಟು, ಕಣ್ಣಿಗೆ ಜಾಲರಿ, ಕಿವಿಗೆ ಮಫ್, ತಲೆಗೆ ಹೆಲ್ಮೆಟ್ ಬೇಕು. ಚೈನು ತಾಗಿದೊಡನೆ ನಾರು ಬಿಟ್ಟುಕೊಂಡು ಸ್ಪ್ರಾಕೆಟ್ಟನ್ನೇ ಕಟ್ಟಿ ನಿಲ್ಲಿಸುವ ಕಾಲುಕವಚವೂ ಇದೆ. ದುಬಾರಿ ಅನ್ನುತ್ತಾರೆ. ಊರಿಗೆ ಎರಡು ಜೊತೆ ಇಟ್ಟುಕೊಂಡು ಹಂಚಿಕೊಳ್ಳಬಹುದಲ್ಲ.

ನನ್ನ ಕೋರಿಕೆ ಇಷ್ಟು. ಸಬ್ಸಿಡಿಯಲ್ಲಿ ಯಂತ್ರ ಕೊಡುವ ಇಲಾಖೆಗಳು, ಬಾಡಿಗೆಗೆ ಕೊಡುವ ಕೇಂದ್ರಗಳು, ನಮ್ಮ ಸಹಕಾರ ಸಂಘಗಳು ಮಿಷನ್ ಕೈಗೆ ಕೊಡುವ ಮೊದಲು ಒಂದು ಗಂಟೆ ಹಲ್ಲು ಮಸೆಯುವುದನ್ನು ಕೂರಿಸಿ ಕಲಿಸಲಿ. ಒಬ್ಬೊಬ್ಬರೂ ತಮ್ಮ ಕೈಯಾರೆ ಒಂದು ಚೈನು ಪೂರ್ತಿ ಮಸೆದು ತೋರಿಸಿದ ಮೇಲೆ ಕೊಡಲಿ. ಮಾರುವ ಅಂಗಡಿಯವರು ಆ ಚೈನಿಗೆ ತಕ್ಕ ಅರ, ಅರಕ್ಕೆ ಹಿಡಿ, ಗೇಜು ಪಟ್ಟಿ ಮೂರನ್ನೂ ಜೊತೆಗೇ ಕೊಟ್ಟು, ಕನ್ನಡದಲ್ಲಿ ಒಂದು ಹಾಳೆ ಇಡಲಿ. ಈಗ ಪೆಟ್ಟಿಗೆಯಲ್ಲಿ ಬರುವ ಪುಸ್ತಕವನ್ನು ಓದಬಲ್ಲವರು ಮರ ಕುಯ್ಯಲು ಬರುವುದಿಲ್ಲ, ಕುಯ್ಯುವವರಿಗೆ ಅದು ಓದಲು ಬರುವುದಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ತಮ್ಮ ಕೃಷಿ ಪುಟದಲ್ಲಿ ಹಲ್ಲಿನ ಚಿತ್ರವೊಂದನ್ನು ದೊಡ್ಡದಾಗಿ ಹಾಕಿದರೆ, ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುವವರಲ್ಲಿ ನಾನು ಮೊದಲಿಗ.

ಚಿತ್ರ ಬರೆಸಲು ಅನುಕೂಲವಾಗಲಿ ಅಂತ ಈ ಪತ್ರದ ಜೊತೆ ದಪ್ಪ ಕಾಗದದಲ್ಲಿ ಸುತ್ತಿ, ಟೇಪು ಹಾಕಿ, ಎರಡು ಹಲ್ಲು ಕಳಿಸಿದ್ದೇನೆ. ಜೋಪಾನವಾಗಿ ಬಿಡಿಸಿ. ಕಿಟಕಿಯ ಬೆಳಕಿಗೆ ಹಿಡಿದು ಮೊನೆಯನ್ನು ನೇರವಾಗಿ ನೋಡಿ. ಒಂದರ ಅಂಚಿನಲ್ಲಿ ಬೆಳ್ಳಗೆ ಕೂದಲೆಳೆಯಂಥ ಹೊಳಪು ಕಾಣುತ್ತದೆ, ಅದು ಮೊಂಡು. ಇನ್ನೊಂದರಲ್ಲಿ ಏನೂ ಹೊಳೆಯುವುದಿಲ್ಲ, ಅದು ಮಸೆದದ್ದು.

ಇಂತಿ ತಮ್ಮ ಓದುಗ,
ಮಿಷನ್ ರಿಪೇರಿಯವ, ಕೊಪ್ಪ ತಾಲ್ಲೂಕು